ಡ್ರಾ ಒತ್ತುವುದನ್ನು ಬಿಟ್ಟ ಮೇಲೆ: ಫೈನಲ್ ಫ್ಯಾಂಟಸಿ 8 ಮತ್ತೆ ಆಡಿದ ಅನುಭವ

ಫೈನಲ್ ಫ್ಯಾಂಟಸಿ 8ರ ಬಗ್ಗೆ ಇಬ್ಬರು ಮಾತಿಗೆ ಕೂತರೆ ಸ್ವಲ್ಪ ಹೊತ್ತಿಗೆ ವಾದ ಶುರುವಾಗುತ್ತದೆ. ಒಬ್ಬರಿಗೆ ಆ ಸರಣಿಯಲ್ಲೇ ಅದು ಅಚ್ಚುಮೆಚ್ಚು. ಇನ್ನೊಬ್ಬರು ಮೊದಲ ಡಿಸ್ಕ್ ಮುಗಿಯುವ ಮೊದಲೇ ಬೇಜಾರಾಗಿ ಎದ್ದವರು. ಇಬ್ಬರ ಮಾತನ್ನೂ ಕೇಳಿದರೆ ಇವರು ಆಡಿದ್ದು ಬೇರೆ ಬೇರೆ ಗೇಮ್ ಇರಬೇಕು ಅನ್ನಿಸುತ್ತದೆ. ಒಂದು ರೀತಿಯಲ್ಲಿ ಅದು ನಿಜವೇ. ಗೇಮ್ ತಾನೇ ಹೇಳಿಕೊಡುವ ಆಟ ಒಂದು, ಮೆನುಗಳ ಒಳಗೆ ಬಚ್ಚಿಟ್ಟಿರುವ ಆಟ ಇನ್ನೊಂದು. ಮೊದಲನೆಯದನ್ನು ನಾನು ಹಿಂದೆಯೇ ಆಡಿ ಮುಗಿಸಿದ್ದೆ. ಈ ಸಲ ಎರಡನೆಯದನ್ನು ಆಡೋಣ ಅಂತ ಹಳೇ ಪ್ಲೇಸ್ಟೇಷನ್ ಹೊರಗೆ ತೆಗೆದೆ.

ಇದು ಜಪಾನಿನಲ್ಲಿ 1999ರ ಫೆಬ್ರವರಿಯಲ್ಲಿ ಬಂದ ಗೇಮ್. ನಾಲ್ಕು ಡಿಸ್ಕ್. ನಿರ್ದೇಶಕ ಯೋಶಿನೋರಿ ಕಿಟಾಸೆ, ಪಾತ್ರಗಳ ಚಿತ್ರ ಬರೆದದ್ದು ತೆತ್ಸುಯಾ ನೊಮುರಾ, ಸಂಗೀತ ನೊಬುವೊ ಉಯೆಮಾತ್ಸು. 1997ರ ಏಳನೇ ಭಾಗ ಜಗತ್ತಿನಾದ್ಯಂತ ಹೆಸರು ಮಾಡಿದ ಮೇಲೆ ಬಂದದ್ದು. ಹಾಗಾಗಿ ಅದನ್ನೇ ಇನ್ನೊಂದು ಸಲ ಮಾಡಿ ಕೊಟ್ಟಿದ್ದರೂ ಜನ ಕೊಳ್ಳುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ದಪ್ಪ ತಲೆ, ಪುಟ್ಟ ಕೈಕಾಲಿನ ಗೊಂಬೆಗಳು ಹೋಗಿ ಮನುಷ್ಯರ ಅಳತೆಯ ದೇಹಗಳು ಬಂದವು. ರಕ್ಷಾಕವಚ ಇಲ್ಲ, ಉಂಗುರ, ಬಳೆ ಏನೂ ಇಲ್ಲ. ಮ್ಯಾಜಿಕ್‌ಗೆ ಎಂಪಿ, ಅಂದರೆ ಖರ್ಚಾಗುವ ಮ್ಯಾಜಿಕ್ ಅಂಕ, ಇಲ್ಲ. ಶತ್ರುಗಳನ್ನು ಕೊಂದರೆ ದುಡ್ಡು ಸಿಗುವುದಿಲ್ಲ. ಅಲ್ಲಿಯವರೆಗೆ ಇಂಥ ಗೇಮ್ ಆಡಿದವರಿಗೆ ಏನೇನು ರೂಢಿಯಾಗಿತ್ತೋ ಅದನ್ನೆಲ್ಲ ತೆಗೆದು ಪಕ್ಕಕ್ಕಿಟ್ಟರು. ಈ ಧೈರ್ಯಕ್ಕೆ ನನ್ನ ಮೆಚ್ಚುಗೆ ಇವತ್ತಿಗೂ ಇದೆ. ತೊಂದರೆ ಇರುವುದು, ತೆಗೆದದ್ದರ ಜಾಗಕ್ಕೆ ಬಂದದ್ದನ್ನು ಅವರು ವಿವರಿಸಿದ ರೀತಿಯಲ್ಲಿ.

ಆಟ ಶುರುವಾಗುವುದು ಬಲಾಂಬ್ ಗಾರ್ಡನ್ ಎಂಬ ಸೈನಿಕ ಶಾಲೆಯಲ್ಲಿ. ಇಲ್ಲಿ ಕಲಿತು ಪಾಸಾದವರು ಸೀಡ್ ಆಗುತ್ತಾರೆ, ಅಂದರೆ ಬಾಡಿಗೆ ಸೈನಿಕರು. ಕಥಾನಾಯಕ, ಹದಿನೇಳು ವರ್ಷದ ಸ್ಕ್ವಾಲ್ ಕೈಗೆ ಮೊದಲೇ ಎರಡು ಗಾರ್ಡಿಯನ್ ಫೋರ್ಸ್, ಅಂದರೆ ಕಾದಾಟಕ್ಕೆ ಕರೆಯಬಹುದಾದ ಮಾಂತ್ರಿಕ ಜೀವಿಗಳನ್ನು, ಕೊಡುತ್ತಾರೆ: ಕ್ವೆಜಾಕಾಟ್ಲ್ ಮತ್ತು ಶಿವಾ. (ಹೌದು, ಈ ಸರಣಿಯಲ್ಲಿ ಶಿವಾ ಹೆಣ್ಣು, ಮೈಯೆಲ್ಲ ಹಿಮ.) ಎಲ್ಲರೂ ಇವನ್ನು ಜಿಎಫ್ ಅಂತ ಕರೆಯುತ್ತಾರೆ. ಜಿಎಫ್ ಒಂದನ್ನು ಪಾತ್ರಕ್ಕೆ ಕಟ್ಟಿಕೊಂಡರೆ, ಅದರ ಮೂಲಕ ಮ್ಯಾಜಿಕ್ ಅನ್ನು ಶಕ್ತಿ, ಎಚ್‌ಪಿ (ಜೀವಬಲ), ವೇಗ ಇವುಗಳಿಗೆ ಜೋಡಿಸಬಹುದು. ಇದೇ ಜಂಕ್ಷನ್. ಮ್ಯಾಜಿಕ್ ಒಳ್ಳೆಯದಾದಷ್ಟೂ, ಕೈಯಲ್ಲಿ ಅದು ಜಾಸ್ತಿ ಇದ್ದಷ್ಟೂ ಪಾತ್ರ ಬಲವಾಗುತ್ತದೆ. ಒಂದೊಂದು ಬಗೆಯದ್ದೂ 100ರವರೆಗೆ ಇಟ್ಟುಕೊಳ್ಳಬಹುದು.

ಆ ಮ್ಯಾಜಿಕ್ ಎಲ್ಲಿಂದ ತರುವುದು? ಗೇಮ್ ಹೇಳಿಕೊಡುವ ಉತ್ತರ ಡ್ರಾ. ಕಾದಾಟದ ನಡುವೆ ಡ್ರಾ ಒತ್ತಿ ಎದುರಿಗಿರುವ ಶತ್ರುವಿನಿಂದ ಮ್ಯಾಜಿಕ್ ಎಳೆದುಕೊಳ್ಳಬೇಕು. ಒಂದು ಸರದಿಗೆ ಸಿಗುವುದು ಹೆಚ್ಚೆಂದರೆ 9. ಅದೂ ಶುರುವಿನಲ್ಲಿ ಮೂರೋ ನಾಲ್ಕೋ ಬಂದರೆ ದೊಡ್ಡದು. ಮೂರು ಜನರಿಗೂ ಒಂದೇ ಬೆಂಕಿ ಮ್ಯಾಜಿಕ್ ನೂರು ನೂರು ತುಂಬಿಸಬೇಕು ಅಂದರೆ ಲೆಕ್ಕ ಹಾಕಿ. ಡ್ರಾ, ಸ್ಟಾಕ್, ಕೈ ಎತ್ತುವ ಅನಿಮೇಷನ್, ಬಣ್ಣದ ಉಂಡೆಗಳು ಹಾರಿ ಬಂದು ಮೈಗೆ ಸೇರುವುದು, ಮತ್ತೆ ಡ್ರಾ. ಎದುರಿಗಿರುವ ಹುಳ ಪಾಪ ಆಗಾಗ ಕಚ್ಚುತ್ತದೆ, ನೀವು ಅದನ್ನು ಸಾಯಿಸದೆ ಕಾಪಾಡಿಕೊಂಡು ಮತ್ತೆ ಎಳೆಯುತ್ತೀರಿ. ಅರ್ಧಕ್ಕೆ ಬಿಟ್ಟವರಲ್ಲಿ ಬಹಳಷ್ಟು ಜನ ಬಿಟ್ಟದ್ದು ಇಲ್ಲೇ. ಅವರ ಮೇಲೆ ನನಗೆ ದೂರಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯ. ಬೇರೆ ಆರ್‌ಪಿಜಿಗಳಲ್ಲಿ (ಪಾತ್ರ ಬೆಳೆಸುತ್ತಾ ಆಡುವ ಇಂಥ ಗೇಮ್‌ಗಳಲ್ಲಿ) ಕಷ್ಟ ಬಂದರೆ ಏನು ಮಾಡುತ್ತೇವೆ? ಸುತ್ತಮುತ್ತ ಓಡಾಡಿ, ಸಣ್ಣಪುಟ್ಟ ಶತ್ರುಗಳನ್ನು ಕೊಂದು, ಲೆವೆಲ್ ಏರಿಸಿಕೊಂಡು ಬರುತ್ತೇವೆ. ಇಲ್ಲಿ ಪಾರ್ಟಿಯ, ಅಂದರೆ ನಮ್ಮ ತಂಡದ, ಸರಾಸರಿ ಲೆವೆಲ್ ಏರಿದ ಹಾಗೆ ಶತ್ರುಗಳ ಲೆವೆಲ್ಲೂ ಏರುತ್ತದೆ. ಪ್ರತಿ ಲೆವೆಲ್‌ಗೆ ಬೇಕಾದ್ದು ಬರೀ 1000 ಅಂಕ, ಹಾಗಾಗಿ ಏರುವುದು ಸುಲಭ. ಏರಿದ್ದರಿಂದ ಪಾತ್ರಕ್ಕೆ ಆಗುವ ಲಾಭ ಮಾತ್ರ ಚೂರುಪಾರು. ನಿಯತ್ತಾಗಿ ಕಾದಾಡಿ ಲೆವೆಲ್ ಏರಿಸಿಕೊಂಡವರಿಗೇ ಇದು ಜಾಸ್ತಿ ಕಷ್ಟ ಕೊಡುವ ಗೇಮ್. ತಪ್ಪಿಸಿಕೊಂಡು ಓಡುವವರಿಗೆ ಸುಲಭ. ಈ ಮಾತನ್ನು ಗೇಮ್ ಯಾರಿಗೂ ಮುಖಕ್ಕೆ ಮುಖ ಹೇಳುವುದಿಲ್ಲ.

ಸರಿ, ಎರಡನೇ ಆಟಕ್ಕೆ ಬರೋಣ. ನನ್ನ ನಿಯಮ ಎರಡೇ: ಶತ್ರುಗಳಿಂದ ಮ್ಯಾಜಿಕ್ ಎಳೆಯುತ್ತಾ ಕೂರಬಾರದು, ಆದಷ್ಟೂ ಲೆವೆಲ್ ಏರಬಾರದು.

ಇದಕ್ಕೆ ಕೀಲಿಕೈ ಟ್ರಿಪಲ್ ಟ್ರಯಾಡ್, ಗೇಮ್ ಒಳಗಿನ ಇಸ್ಪೀಟು. ಮೂರು ಬೈ ಮೂರು ಮನೆ. ಇಬ್ಬರ ಕೈಯಲ್ಲೂ ಐದೈದು ಕಾರ್ಡ್. ಪ್ರತಿ ಕಾರ್ಡಿನ ನಾಲ್ಕು ಬದಿಗೂ ಒಂದೊಂದು ಸಂಖ್ಯೆ. ಪಕ್ಕದ ಕಾರ್ಡಿಗಿಂತ ನಿಮ್ಮ ಸಂಖ್ಯೆ ದೊಡ್ಡದಾದರೆ ಅದು ನಿಮ್ಮ ಬಣ್ಣಕ್ಕೆ ತಿರುಗುತ್ತದೆ. ಇಷ್ಟೇ. ಹೇಳಿಕೊಡಲು ಎರಡು ನಿಮಿಷ ಸಾಕು. ಶಾಲೆಯ ಹಜಾರದಲ್ಲಿ ನಿಂತವರ ಹತ್ತಿರ ಹೋಗಿ ಸ್ಕ್ವೇರ್ ಬಟನ್ ಒತ್ತಿದರೆ ಕಾರ್ಡ್ ಇರುವವರು ಆಡುತ್ತಾರೆ. ಊರು ಸುಡುತ್ತಿರಲಿ, ಯುದ್ಧ ನಡೆಯುತ್ತಿರಲಿ, ಅವರಿಗೆ ಪರವಾಗಿಲ್ಲ. ಹಜಾರದಲ್ಲಿ ಸುತ್ತು ಹೊಡೆಯುವ ಒಬ್ಬ ಹುಡುಗನಿದ್ದಾನೆ. ಅವನನ್ನು ಅಡ್ಡಗಟ್ಟಿ ನಿಲ್ಲಿಸಿ ಅವನ ಮಿನಿಮಾಗ್ ಕಾರ್ಡ್ ಗೆಲ್ಲುವುದರಲ್ಲಿ ನನ್ನ ಒಂದು ಸಂಜೆ ಪೂರ್ತಿ ಹೋಯಿತು. ಕಥೆ ಇನ್ನೂ ತರಗತಿಯಿಂದ ಹೊರಗೆ ಬಂದಿರಲಿಲ್ಲ.

ಬಲಾಂಬ್ ಸುತ್ತಮುತ್ತ ಇರುವುದು ಓಪನ್ ನಿಯಮ ಒಂದೇ, ಎದುರಾಳಿಯ ಕಾರ್ಡೂ ಕಾಣುತ್ತದೆ. ಆದ್ದರಿಂದ ಇಲ್ಲಿ ಇದ್ದಷ್ಟು ದಿನ ರಾಜ ನೀವೇ. ಮುಂದೆ ಬೇರೆ ಬೇರೆ ಪ್ರದೇಶಗಳಲ್ಲಿ ಸೇಮ್, ಪ್ಲಸ್, ಎಲಿಮೆಂಟಲ್ ಎಂಬ ನಿಯಮಗಳು ಬರುತ್ತವೆ. ಅವೂ ಚೆನ್ನಾಗಿವೆ. ಒಂದು ಪ್ಲಸ್ ಸರಿಯಾಗಿ ಬಿದ್ದು ಸಾಲಾಗಿ ಕಾರ್ಡ್‌ಗಳು ತಿರುಗುವುದನ್ನು ನೋಡುವ ಖುಷಿಯೇ ಬೇರೆ. ಕೆಟ್ಟದ್ದು ಅಂದರೆ ರ‍್ಯಾಂಡಮ್. ನಿಮ್ಮ ಇಡೀ ಸಂಗ್ರಹದಿಂದ ಐದನ್ನು ಗೇಮೇ ಎತ್ತಿಕೊಡುತ್ತದೆ. ಕಷ್ಟಪಟ್ಟು ಗೆದ್ದ ಒಳ್ಳೇ ಕಾರ್ಡ್ ಮೂಲೆಯಲ್ಲಿ ಕೂತಿರುತ್ತದೆ, ಕೈಗೆ ಬರುವುದು ಶುರುವಿನಲ್ಲಿ ಸಿಕ್ಕ ಹುಳಹುಪ್ಪಟೆ. ಇನ್ನೂ ಕೆಟ್ಟದ್ದು, ನಿಯಮಗಳು ಅಂಟುಜಾಡ್ಯದ ಹಾಗೆ ನಿಮ್ಮ ಜೊತೆಗೇ ಊರಿಂದ ಊರಿಗೆ ಬರುತ್ತವೆ. ಒಂದು ಕಡೆ ಆಡಿ ಬಂದು ಇನ್ನೊಂದು ಕಡೆ ಆಡಿದರೆ "ನಿಮ್ಮ ನಿಯಮ, ನಮ್ಮ ನಿಯಮ ಸೇರಿಸಿ ಆಡೋಣ್ವಾ?" ಎಂದು ಕೇಳುತ್ತಾರೆ. ಹೂಂ ಅಂದರೆ ಅದು ಅಲ್ಲೂ ಬೇರು ಬಿಡಬಹುದು. ಡಾಲೆಟ್ ಎಂಬ ಊರಿನಿಂದ ರ‍್ಯಾಂಡಮ್ ಹೊತ್ತುಕೊಂಡು ಬಂದು ಬಲಾಂಬ್ ಕೆಡಿಸಿಕೊಂಡವರು ಬಹಳ ಜನ. ನಾನು ಡಾಲೆಟ್‌ನಲ್ಲಿ ಕಾರ್ಡ್ ಮುಟ್ಟಲೇ ಇಲ್ಲ.

ಕಾರ್ಡ್ ಗೆದ್ದು ಏನು ಮಾಡುವುದು? ಇಲ್ಲಿದೆ ಮಜಾ. ಕ್ವೆಜಾಕಾಟ್ಲ್‌ಗೆ ಮೊದಲು ಕಾರ್ಡ್, ಆಮೇಲೆ ಕಾರ್ಡ್ ಮಾಡ್ ಎಂಬ ವಿದ್ಯೆ ಕಲಿಸಿದೆ. ಮೊದಲನೆಯದರಿಂದ, ಪೆಟ್ಟು ತಿಂದು ಸುಸ್ತಾದ ಶತ್ರುವನ್ನು ಕಾರ್ಡ್ ಮಾಡಿ ಜೇಬಿಗೆ ಹಾಕಿಕೊಳ್ಳಬಹುದು. ಹಾಗೆ ಮಾಡಿದರೆ ಲೆವೆಲ್ ಏರಿಸುವ ಅಂಕ ಬರುವುದಿಲ್ಲ, ಜಿಎಫ್‌ಗಳು ಕಲಿಯಲು ಬೇಕಾದ ಎಪಿ ಮಾತ್ರ ಬರುತ್ತದೆ. ಎರಡನೆಯದರಿಂದ ಕಾರ್ಡ್‌ಗಳನ್ನು ವಸ್ತುಗಳಾಗಿ ಬದಲಾಯಿಸಬಹುದು. ಆ ವಸ್ತುಗಳನ್ನು ಬೇರೆ ಜಿಎಫ್‌ಗಳ ವಿದ್ಯೆಯಿಂದ ಮ್ಯಾಜಿಕ್ ಆಗಿ ಕರಗಿಸಬಹುದು. ಬಲಾಂಬ್‌ನ ಕಡಲ ದಂಡೆಯಲ್ಲಿ ಒಂದು ಮೀನಿನಂಥ ಪ್ರಾಣಿ ಸಿಗುತ್ತದೆ. ಅದರ ರೆಕ್ಕೆ ಒಂದಕ್ಕೆ ಶಿವಾ 20 ವಾಟರ್ ಮ್ಯಾಜಿಕ್ ಕೊಡುತ್ತಾಳೆ. ಐದು ರೆಕ್ಕೆ, ನೂರು ವಾಟರ್, ಕೆಲಸ ಮುಗಿಯಿತು. ಅದನ್ನು ಸ್ಕ್ವಾಲ್‌ನ ಶಕ್ತಿಗೆ ಜೋಡಿಸಿದ ಮೇಲೆ, ಮೊದಲ ಡಿಸ್ಕಿನ ಶತ್ರುಗಳು ಅವನ ಗನ್‌ಬ್ಲೇಡಿನ (ಬಂದೂಕಿನ ಟ್ರಿಗರ್ ಇರುವ ಕತ್ತಿಯ) ಒಂದೇ ಏಟಿಗೆ ಮಲಗತೊಡಗಿದವು.

ಹೀಗೆ ಒಂದರ ಹಿಂದೆ ಒಂದು ಸಿಗುತ್ತಾ ಹೋಗುತ್ತವೆ. ಸೈರನ್ ಎಂಬ ಜಿಎಫ್ ಇದ್ದರೆ ಅಂಗಡಿಯಲ್ಲಿ ಸಿಗುವ ಸಾಧಾರಣ ಟೆಂಟ್ ಒಂದರಿಂದ 10 ಕ್ಯುರಾಗ ಮ್ಯಾಜಿಕ್. ಹತ್ತು ಟೆಂಟ್ ಕೊಂಡರೆ ನೂರು. ಎಚ್‌ಪಿಗೆ ಜೋಡಿಸಿದರೆ ಲೆವೆಲ್ ಹತ್ತರ ಆಸುಪಾಸಿನ ಹುಡುಗ ಎರಡು ಸಾವಿರಕ್ಕೂ ಹೆಚ್ಚು ಎಚ್‌ಪಿ ಗಿಟ್ಟಿಸುತ್ತಾನೆ. ಅತಿ ಮಜಾ ಅಂದರೆ ಕ್ವಿಸ್ಟಿಸ್ ಕಾರ್ಡ್. ಅವಳು ಶಾಲೆಯ ಮೇಡಂ, ಹದಿನೆಂಟೇ ವರ್ಷ, ಅವಳಿಗೆ ಅಭಿಮಾನಿ ಸಂಘ ಬೇರೆ. ಆ ಅಭಿಮಾನಿಗಳಿಂದ ಅವಳ ಕಾರ್ಡ್ ಗೆದ್ದು ಒಡೆದರೆ ಸಮಂತಾ ಸೋಲ್ ಎಂಬ ಮೂರು ವಸ್ತು ಸಿಗುತ್ತವೆ. ಡಯಾಬ್ಲೋಸ್ ಎಂಬ ಜಿಎಫ್ ಕೈಯಲ್ಲಿ ಕೊಟ್ಟರೆ ಒಂದೊಂದರಿಂದ 60 ಟ್ರಿಪಲ್ ಮ್ಯಾಜಿಕ್. ಕೊನೆಯ ಡಿಸ್ಕಿನಲ್ಲಿ ಸಿಗಬೇಕಾದ ಮಾಲು ಮೊದಲ ಡಿಸ್ಕಿನಲ್ಲೇ ಚೀಲ ತುಂಬಿತು. ಅಷ್ಟು ಹೊತ್ತಿಗೆ ಸ್ಕ್ವಾಲ್ ಇನ್ನೂ ಸೀಡ್ ಆಗಿ ಸರಿಯಾಗಿ ಒಂದು ಕೆಲಸವನ್ನೂ ಮಾಡಿರಲಿಲ್ಲ!

ಇದನ್ನು ಕೆಲವರು ಗೇಮ್ ಹಾಳಾಗಿದೆ, ಸಮತೋಲನ ಇಲ್ಲ ಎಂದು ಬೈಯುತ್ತಾರೆ. ಸಮತೋಲನ ಇಲ್ಲ, ಒಪ್ಪುತ್ತೇನೆ. ಆದರೆ ಈ ಕೊಂಡಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವುದರಲ್ಲಿ ಇರುವ ಸುಖ, ಹುಲ್ಲುಗಾವಲಲ್ಲಿ ಸುಮ್ನೆ ಸುತ್ತಿ ಲೆವೆಲ್ ಏರಿಸುವುದರಲ್ಲಿ ಎಲ್ಲಿದೆ? ಆಡುವವರ ತಲೆಯನ್ನು ನಂಬಿ, ಬೇಕಾದ್ದು ಮಾಡಿಕೊಳ್ಳಿ ಎಂದು ಬಾಗಿಲು ತೆರೆದಿಟ್ಟ ಗೇಮ್ ಇದು. ಬಾಗಿಲು ಎಲ್ಲಿದೆ ಅಂತ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು ಅಷ್ಟೆ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಮ್ಯಾಜಿಕ್ ಅನ್ನು ಮೈಗೆ ಜೋಡಿಸಿಕೊಂಡ ಮೇಲೆ ಅದನ್ನು ಬಳಸಲು ಮನಸ್ಸೇ ಬರುವುದಿಲ್ಲ. ಒಂದು ಸಲ ಬಳಸಿದರೆ ನೂರು ಇದ್ದದ್ದು ತೊಂಬತ್ತೊಂಬತ್ತಾಗುತ್ತದೆ, ಜೊತೆಗೆ ಶಕ್ತಿಯೂ ಕರಗುತ್ತದೆ. ಹೀಗಾಗಿ ಐವತ್ತು ಬಗೆಯ ಮ್ಯಾಜಿಕ್ ಇರುವ ಗೇಮಿನಲ್ಲಿ ನಾನು ಬಳಸಿದ್ದು ಮೂರೋ ನಾಲ್ಕೋ. ಉಳಿದದ್ದೆಲ್ಲ ಬ್ಯಾಂಕಿನಲ್ಲಿಟ್ಟ ದುಡ್ಡು. ಜಿಎಫ್‌ಗಳನ್ನು ಕರೆಯಬಹುದು, ಆದರೆ ಅವುಗಳ ವಿಡಿಯೋ ನಿಲ್ಲಿಸಲು ಆಗುವುದಿಲ್ಲ. ಮೊದಲ ಸಲ ಶಿವಾ ಹಿಮದ ಗೋಪುರ ಒಡೆದು ಎದ್ದು ಬರುವುದನ್ನು ನೋಡಿದಾಗ ಬಾಯಿ ತೆರೆದು ಕೂರುತ್ತೀರಿ. ಇಪ್ಪತ್ತನೇ ಸಲಕ್ಕೆ ಎದ್ದು ನೀರು ಕುಡಿದು ಬರುತ್ತೀರಿ. ಹಾಗೆ ಏಳದಿರಲಿ ಅಂತಲೇ ಇರಬೇಕು, ಮುಂದೆ ಬೂಸ್ಟ್ ಎಂಬ ವಿದ್ಯೆ ಕೊಟ್ಟಿದ್ದಾರೆ. ಸೆಲೆಕ್ಟ್ ಒತ್ತಿ ಹಿಡಿದು ಸ್ಕ್ವೇರ್ ಬಟನ್ ಟಕಟಕ ಕುಟ್ಟಿದರೆ ಪೆಟ್ಟು ಹೆಚ್ಚುತ್ತದೆ, ನಡುನಡುವೆ ಕತ್ತರಿ ಗುರುತು ಬಂದಾಗ ನಿಲ್ಲಿಸಬೇಕು. ಬೆರಳು ನೋಯುತ್ತದೆ. ಏಟಿಗೆ ಸರಿಯಾಗಿ ಆರ್ ಒನ್ ಒತ್ತಿ ಗನ್‌ಬ್ಲೇಡಿನ ಟ್ರಿಗರ್ ಎಳೆಯುವುದೇ ನನಗೆ ಇಷ್ಟ. ಇಡೀ ಆಟದಲ್ಲಿ ಆ ಕ್ಷಣ ಹಳತಾಗಲಿಲ್ಲ.

ಪಾರ್ಟಿ ಬದಲಾದಾಗಲೆಲ್ಲ ಜಂಕ್ಷನ್ ಮತ್ತೆ ಕಟ್ಟುವ ಕೆಲಸ ಇನ್ನೊಂದು ತಲೆನೋವು. ಕಥೆ ತನಗೆ ಬೇಕಾದಾಗ ಪಾತ್ರಗಳನ್ನು ಎಳೆದುಕೊಂಡು ಹೋಗುತ್ತದೆ. ಒಬ್ಬರದ್ದನ್ನು ಇನ್ನೊಬ್ಬರಿಗೆ ಪೂರ್ತಿ ವರ್ಗಾಯಿಸುವ ಮೆನು ಇದೆ, ಅದೇ ಪುಣ್ಯ.

ಸಂಬಳದ ವ್ಯವಸ್ಥೆ ಒಳ್ಳೇ ತಮಾಷೆ. ನೀವು ಸೀಡ್ ಆದ್ದರಿಂದ ನಡೆದಷ್ಟೂ ದೂರಕ್ಕೆ ಆಗಾಗ ಸಂಬಳ ಬರುತ್ತದೆ. ದರ್ಜೆ ಏರಬೇಕಾದರೆ ಮೆನು ಒಳಗೆ ಲಿಖಿತ ಪರೀಕ್ಷೆ, ಹೌದು ಅಥವಾ ಇಲ್ಲ ಅಂತ ಉತ್ತರಿಸುವ ಹತ್ತು ಹತ್ತು ಪ್ರಶ್ನೆ. ಹತ್ತಕ್ಕೆ ಹತ್ತೂ ಸರಿ ಆಗಲೇಬೇಕು. ಗೇಮ್ ಬಾಯಿಬಿಟ್ಟು ಹೇಳದ ಎಷ್ಟೋ ವಿಷಯ ಆ ಪ್ರಶ್ನೆಗಳಲ್ಲಿ ಸಿಗುತ್ತದೆ. ಆದರೆ ಸ್ಕ್ವಾಲ್‌ನ ಲೆವೆಲ್ ಎಷ್ಟೋ ಅಷ್ಟನೇ ಪರೀಕ್ಷೆಯವರೆಗೆ ಮಾತ್ರ ಬರೆಯಲು ಬಿಡುತ್ತಾರೆ. ನನ್ನ ಹಾಗೆ ಲೆವೆಲ್ ಹಿಡಿದಿಟ್ಟವರಿಗೆ ಬಡ್ತಿ ಇಲ್ಲ!

ಈಗ ಕಥೆ. ಮೊದಲ ಡಿಸ್ಕಿನ ಕಥೆ ಬಿಗಿಯಾಗಿದೆ. ಪರೀಕ್ಷೆ ಅಂತ ಡಾಲೆಟ್‌ಗೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಸತ್ತು ಸತ್ತು ಏಳುವ ಒಂದು ಯಂತ್ರದ ಜೇಡ ಬೆನ್ನು ಹತ್ತುತ್ತದೆ, ಮೂವತ್ತು ನಿಮಿಷದೊಳಗೆ ಕಡಲ ದಂಡೆಗೆ ಓಡಬೇಕು. ವಿಡಿಯೋ ಎಲ್ಲಿ ಮುಗಿಯಿತು, ಆಟ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಜೋಡಿಸಿದ್ದಾರೆ. 1999ರ ಯಂತ್ರದಲ್ಲಿ ಇದು ಸಣ್ಣ ಕೆಲಸ ಅಲ್ಲ.

ಸ್ಕ್ವಾಲ್ ಬಗ್ಗೆ ಜನರಿಗೆ ಸಿಟ್ಟು ಜಾಸ್ತಿ. ಯಾರು ಏನೇ ಕೇಳಿದರೂ ಚುಕ್ಕಿ ಚುಕ್ಕಿ ಚುಕ್ಕಿ. ಆದರೆ ಅವನು ಬಾಯಲ್ಲಿ ಆಡದ್ದನ್ನೆಲ್ಲ ಗೇಮ್ ನಮಗೆ ಓದಿಸುತ್ತದೆ. ಒಳಗೆ ಅವನದ್ದು ಎಡೆಬಿಡದ ಮಾತು. ಮೊದಲ ಡಿಸ್ಕಿನಲ್ಲಿ ಸಹಪಾಠಿ ಸೀಫರ್‌ಗೆ ಮರಣದಂಡನೆ ಆಯಿತು ಅಂತ ಸುದ್ದಿ ಬರುತ್ತದೆ. ಎಲ್ಲರೂ ಸೋಫಾದಲ್ಲಿ ಕೂತು ಅವನು ಹಾಗಿದ್ದ, ಹೀಗಿದ್ದ ಎಂದು ಮಾತಾಡುತ್ತಿರುತ್ತಾರೆ. ಸುಮ್ಮನೆ ಕೂತಿದ್ದ ಸ್ಕ್ವಾಲ್, ನಾನು ಸತ್ತರೂ ನನ್ನನ್ನು ಹೀಗೇ ಇದ್ದ ಇದ್ದ ಅಂತ ಮಾತಾಡಿಕೊಳ್ಳುತ್ತಾರೆ ಅಂತ ಯೋಚಿಸುತ್ತಾ ಯೋಚಿಸುತ್ತಾ ಒಮ್ಮೆಲೇ ಕಿರುಚಿ ಹೊರಗೆ ಓಡುತ್ತಾನೆ. ಅಲ್ಲಿದ್ದವರಿಗೆ ತಲೆಬುಡ ತಿಳಿಯುವುದಿಲ್ಲ, ಯಾಕೆಂದರೆ ಅವರು ಕೇಳಿದ್ದು ಕೊನೆಯ ಕಿರುಚಾಟ ಮಾತ್ರ. ನಮಗೆ ಮಾತ್ರ ಪೂರ್ತಿ ಗೊತ್ತು. ಪಾತ್ರದ ಸ್ವಭಾವವನ್ನು ಇಷ್ಟು ಚೆನ್ನಾಗಿ ತೋರಿಸಿದ ದೃಶ್ಯ ಆ ಕಾಲದ ಗೇಮ್‌ಗಳಲ್ಲಿ ಕಡಿಮೆ.

ಅದೇ ಡಿಸ್ಕಿನ ಕೊನೆಗೆ ಮೆರವಣಿಗೆ. ಮಾಂತ್ರಿಕೆ ಈಡಿಯಾ ರಥದಲ್ಲಿ ಬರುತ್ತಾಳೆ. ಮೇಲಿನಿಂದ ಅವಳಿಗೆ ಗುಂಡು ಹೊಡೆಯುವ ಕೆಲಸ ಅರ್ವೈನ್ ಎಂಬ ಹುಡುಗನದ್ದು. ಅಲ್ಲಿಯವರೆಗೆ ಹುಡುಗಿಯರ ಹಿಂದೆ ಸುತ್ತುತ್ತಾ ಬಡಾಯಿ ಕೊಚ್ಚಿಕೊಳ್ಳುತ್ತಿದ್ದವನು ಬಂದೂಕು ಹಿಡಿದು ಕೂತ ಮೇಲೆ ನಡುಗತೊಡಗುತ್ತಾನೆ. ಆಗುವುದಿಲ್ಲ ಅಂತಾನೆ. ಸ್ಕ್ವಾಲ್ ಅವನಿಗೆ, ಗುರಿ ತಪ್ಪಿದರೂ ಪರವಾಗಿಲ್ಲ, ಇದು ನಮಗೆ ಹೊರಡಲು ಒಂದು ಸಿಗ್ನಲ್ ಅಂದುಕೋ ಸಾಕು ಎಂಬ ಅರ್ಥದಲ್ಲಿ ಹೇಳುತ್ತಾನೆ. ಅವನು ಹೊಡೆಯುತ್ತಾನೆ. ಗುರಿ ಸರಿಯಾಗಿಯೇ ಇರುತ್ತದೆ, ಈಡಿಯಾ ಅದನ್ನು ತಡೆಯುತ್ತಾಳೆ. ಮೊದಲ ಸಲ ಆಡುವವರಿಗೆ ಇದು ಬಡಾಯಿಗಾರನ ಪುಕ್ಕಲುತನ, ಅಷ್ಟೆ.

ಎರಡನೇ ಡಿಸ್ಕಿನಲ್ಲಿ, ಕ್ಷಿಪಣಿ ಬಿದ್ದು ಹಾಳಾದ ಟ್ರಾಬಿಯಾ ಗಾರ್ಡನ್ನಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ವಿಷಯ ಹೊರಗೆ ಬರುತ್ತದೆ. ಪಾರ್ಟಿಯಲ್ಲಿ ರಿನೋವಾ ಎಂಬ ಹುಡುಗಿ ಒಬ್ಬಳನ್ನು ಬಿಟ್ಟರೆ ಇವರೆಲ್ಲ, ಸೀಫರ್ ಕೂಡ, ಒಂದೇ ಅನಾಥಾಲಯದಲ್ಲಿ ಬೆಳೆದ ಮಕ್ಕಳು. ಸಾಕಿದವಳು ಈಡಿಯಾ. ಯಾರಿಗೂ ನೆನಪಿಲ್ಲ, ಯಾಕೆಂದರೆ ಜಿಎಫ್ ಬಳಸಿದವರ ನೆನಪು ಅಳಿಸಿಹೋಗುತ್ತದೆ. ಅರ್ವೈನ್ ಇತ್ತೀಚಿನವರೆಗೆ ಜಿಎಫ್ ಬಳಸಿರಲಿಲ್ಲ. ಅವನೊಬ್ಬನಿಗೇ ಎಲ್ಲ ಗೊತ್ತಿತ್ತು. ಅಂದರೆ ಆ ಮೆರವಣಿಗೆಯ ರಾತ್ರಿ ಅವನು ಗುರಿ ಇಟ್ಟದ್ದು ತನ್ನನ್ನು ಸಾಕಿದ ತಾಯಿಗೆ. ಪಕ್ಕದಲ್ಲಿ ಕೂತು ಧೈರ್ಯ ಹೇಳಿದವನು ಬಾಲ್ಯದ ಗೆಳೆಯ, ಅವನಿಗೆ ತನ್ನ ಗುರುತೇ ಇಲ್ಲ. ಇದು ಗೊತ್ತಿದ್ದು ಮೆರವಣಿಗೆಯ ದೃಶ್ಯವನ್ನು ಎರಡನೇ ಸಲ ನೋಡಿದರೆ ಅರ್ವೈನ್‌ನ ಒಂದೊಂದು ಮಾತೂ ಬೇರೆಯಾಗಿ ಕೇಳುತ್ತದೆ.

ಈ ತಿರುವನ್ನು ಅಪಹಾಸ್ಯ ಮಾಡುವವರು ಬಹಳ. ಆರು ಜನ ಒಂದೇ ಅನಾಥಾಲಯ, ಎಲ್ಲರಿಗೂ ಮರೆವು, ಇದೆಂಥ ಸಿನಿಮಾ ಕಥೆ ಅಂತ. ನನಗೆ ತಿರುವಿನ ಮೇಲೆ ಬೇಸರ ಇಲ್ಲ. ಬೇಸರ ಇರುವುದು ಅದರ ಮುಂದಿನ ಐದು ನಿಮಿಷದ ಮೇಲೆ. ನಮ್ಮ ಶಕ್ತಿಯೇ ನಮ್ಮ ನೆನಪನ್ನು ತಿನ್ನುತ್ತಿದೆ ಅಂತ ಗೊತ್ತಾದ ಮೇಲೆ ಇವರು ಏನು ಮಾಡುತ್ತಾರೆ? ಯುದ್ಧ ಇದೆಯಲ್ಲ, ಬಳಸೋಣ, ಎಂದು ತೀರ್ಮಾನಿಸಿ ಎದ್ದು ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಜಿಎಫ್ ಕಟ್ಟಿಕೊಂಡದ್ದಕ್ಕೆ ಆಡುವವರು ತೆರುವ ಬೆಲೆ ಏನೂ ಇಲ್ಲ. ಯಾವ ಪಾತ್ರವೂ ಕಲಿತದ್ದನ್ನು ಮರೆಯುವುದಿಲ್ಲ, ಯಾವ ಮಾತೂ ತಪ್ಪಿಹೋಗುವುದಿಲ್ಲ. ಜಂಕ್ಷನ್ ಬಿಟ್ಟು ಆಡುತ್ತೇನೆ ಅಂದರೆ ಅದನ್ನು ಗುರುತಿಸುವ ಒಂದು ಸಾಲೂ ಇಲ್ಲ. ನಾನು ಮೆನುವಿನಲ್ಲಿ ಗಂಟೆಗಟ್ಟಲೆ ಕೂತು ಜಿಎಫ್‌ಗಳನ್ನು ಹಿಂಡಿ ಮ್ಯಾಜಿಕ್ ತೆಗೆದವನು. ಆ ಮಾತು ಕೇಳಿದ ಮೇಲೆ ಆ ಮೆನು ತೆರೆಯುವಾಗ ನನಗೆ ಏನೋ ಅನ್ನಿಸಬೇಕಿತ್ತು ತಾನೇ? ಅನ್ನಿಸಲಿಲ್ಲ. ಕಥೆಯ ಅತಿ ಒಳ್ಳೆಯ ಯೋಚನೆಯೂ ಆಟದ ಅತಿ ಒಳ್ಳೆಯ ಯೋಚನೆಯೂ ಒಂದೇ ಜಿಎಫ್ ಮೇಲೆ ನಿಂತಿವೆ. ಎರಡೂ ಒಂದನ್ನೊಂದು ಮಾತಾಡಿಸುವುದೇ ಇಲ್ಲ. ಈ ಗೇಮಿನ ದೊಡ್ಡ ಕೊರತೆ ಯಾವುದು ಅಂತ ಕೇಳಿದರೆ ನಾನು ಡ್ರಾ ಹೇಳುವುದಿಲ್ಲ, ಇದನ್ನು ಹೇಳುತ್ತೇನೆ.

ಇಂಥ ಕೈಬಿಟ್ಟ ಎಳೆಗಳು ಇನ್ನೂ ಇವೆ. ಮೊದಲ ಡಿಸ್ಕ್ ಮುಗಿಯುವುದು ಸ್ಕ್ವಾಲ್‌ನ ಎದೆಗೆ ಹಿಮದ ಈಟಿ ಚುಚ್ಚಿ ಅವನು ಕೆಳಗೆ ಬೀಳುವುದರೊಂದಿಗೆ. ಎರಡನೇ ಡಿಸ್ಕ್ ಹಾಕಿದರೆ ಜೈಲಿನಲ್ಲಿ ಎದ್ದು ಕೂರುತ್ತಾನೆ. ಗಾಯ ಎಲ್ಲಿ ಹೋಯಿತು ಎಂದು ಅವನೇ ಒಂದು ಸಲ ಯೋಚಿಸುತ್ತಾನೆ, ಉತ್ತರ ಕೊನೆವರೆಗೂ ಬರುವುದಿಲ್ಲ. ಇದನ್ನೇ ಹಿಡಿದುಕೊಂಡು, ಸ್ಕ್ವಾಲ್ ಅಲ್ಲೇ ಸತ್ತ, ಉಳಿದದ್ದೆಲ್ಲ ಸಾಯುವವನ ಕನಸು ಎಂಬ ವಾದ ಹುಟ್ಟಿಕೊಂಡಿತು. ಹಾಗಲ್ಲ ಅಂತ ಕಿಟಾಸೆಯವರೇ ಆಮೇಲೆ ಸಂದರ್ಶನದಲ್ಲಿ ಹೇಳಿದ್ದಾರೆ. ವಾದ ನಿಂತಿಲ್ಲ. ನಿಲ್ಲುವುದೂ ಬೇಡ, ಕೇಳಲು ಚೆನ್ನಾಗಿದೆ.

ನಡುನಡುವೆ ಬರುವ ಲಗೂನಾ ಎಂಬವನ ಭಾಗಗಳು ಬೇರೆಯದೇ ಗಾಳಿ. ಇಪ್ಪತ್ತು ಚಿಲ್ಲರೆ ವಯಸ್ಸಿನ ಸೈನಿಕ, ದಾರಿ ತಪ್ಪುವುದರಲ್ಲಿ ಎತ್ತಿದ ಕೈ, ಹುಡುಗಿಯ ಎದುರು ಕೂತರೆ ಕಾಲು ಮರಗಟ್ಟುತ್ತದೆ. ಸ್ಕ್ವಾಲ್‌ನ ಮೌನ ಸಾಕಾಗಿ ಹೋದಾಗ ಇವನು ಬಂದರೆ ಹಾಯೆನಿಸುತ್ತದೆ. ಅವನ ಕಾದಾಟದ ಹಾಡಂತೂ ನಾನು ಕಂಟ್ರೋಲರ್ ಕೆಳಗಿಟ್ಟು ಕೇಳಿದ್ದಿದೆ. ಸ್ಕ್ವಾಲ್‌ಗೂ ಅವನಿಗೂ ಇರುವ ಸಂಬಂಧ ಆಡುವವರಿಗೆ ಅರ್ಥವಾಗುತ್ತದೆ, ಸ್ಕ್ವಾಲ್‌ಗೆ ಮಾತ್ರ ಯಾರೂ ನೇರವಾಗಿ ಹೇಳುವುದಿಲ್ಲ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಅದು ಸರಿಯಾಗಿಯೇ ಕಂಡಿತು.

ಮೂರನೇ ಡಿಸ್ಕಿನಲ್ಲಿ ಕಥೆ ಓಟ ಕಿತ್ತು ಬಾಹ್ಯಾಕಾಶಕ್ಕೆ ಹೋಗುತ್ತದೆ. ಚಂದ್ರನಿಂದ ರಾಕ್ಷಸರು ಸುರಿಯುತ್ತಾರೆ, ಕಾಲವನ್ನೇ ಹಿಸುಕಿ ಒಂದು ಮಾಡಲು ಹೊರಟ ಅಲ್ಟಿಮೀಸಿಯಾ ಎಂಬ ಮಾಂತ್ರಿಕೆ ಭವಿಷ್ಯದಿಂದ ಬರುತ್ತಾಳೆ. ಅವಳಿಗೆ ಯಾಕೆ ಇಷ್ಟು ಸಿಟ್ಟು ಎನ್ನುವುದನ್ನು ಸರಿಯಾಗಿ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಸ್ಕ್ವಾಲ್ ಮತ್ತು ರಿನೋವಾ ಪ್ರೀತಿ ಮಾತ್ರ ಈ ಗಲಾಟೆಯಲ್ಲೂ ನಿಲ್ಲುತ್ತದೆ. ಬಾಹ್ಯಾಕಾಶದಿಂದ ವಾಪಸು ಬರುವ ಹಡಗಿನಲ್ಲಿ ಗಾಯಕಿ ಫೇ ವಾಂಗ್ ಹಾಡಿದ ಹಾಡು ಬರುತ್ತದಲ್ಲ, ಆ ಜಾಗ. ಆದರೆ ಅದೇ ಹಡಗಿನಲ್ಲಿ, ಆ ಹಾಡಿಗೆ ಮೊದಲು, ಎಂಟು ರಾಕ್ಷಸರನ್ನು ಬಣ್ಣ ನೋಡಿ ಜೋಡಿ ಜೋಡಿಯಾಗಿ ಕೊಲ್ಲಿಸುತ್ತಾರೆ. ಒಂದೇ ಬಣ್ಣದ ಎರಡನ್ನೂ ಒಂದರ ಹಿಂದೆ ಒಂದು ಕೊಲ್ಲದಿದ್ದರೆ ಮೊದಲು ಸತ್ತದ್ದು ಎದ್ದು ಬರುತ್ತದೆ. ಪ್ರಾಣ ಉಳಿಸಿಕೊಂಡು ಬಂದ ಪ್ರೇಮಿಗಳಿಗೆ ಆ ಹೊತ್ತಿನಲ್ಲಿ ಈ ಕೆಲಸ ಕೊಟ್ಟವರು ಯಾರೋ!

ನಾಲ್ಕನೇ ಡಿಸ್ಕ್ ಅಂದರೆ ಅಲ್ಟಿಮೀಸಿಯಾಳ ಕೋಟೆ. ಹಿಂದಿರುಗಿ ಹೋದರೆ ಊರುಗಳೆಲ್ಲ ಮುಚ್ಚಿರುತ್ತವೆ. ಅಂಗಡಿ ಕೆಲಸ, ಊರಿನ ಕೆಲಸ ಬಾಕಿ ಇದ್ದರೆ ಮೂರನೇ ಡಿಸ್ಕಿನಲ್ಲೇ ಮುಗಿಸಿಕೊಳ್ಳಬೇಕು. ಕೋಟೆ ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಕೈಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತಾರೆ. ವಸ್ತು ಬಳಸುವಂತಿಲ್ಲ, ಮ್ಯಾಜಿಕ್ ಇಲ್ಲ, ಜಿಎಫ್ ಕರೆಯುವಂತಿಲ್ಲ, ಡ್ರಾ ಇಲ್ಲ, ಸತ್ತವರನ್ನು ಎಬ್ಬಿಸುವಂತಿಲ್ಲ, ಸೇವ್ ಕೂಡ ಮಾಡುವಂತಿಲ್ಲ. ಒಟ್ಟು ಎಂಟು ಬೀಗ. ಕೋಟೆಯ ಎಂಟು ಬಾಸ್‌ಗಳಲ್ಲಿ (ದೊಡ್ಡ ಶತ್ರುಗಳಲ್ಲಿ) ಒಬ್ಬೊಬ್ಬರನ್ನು ಸೋಲಿಸಿದಾಗ ಒಂದೊಂದು ಬೀಗ ತೆಗೆಯಬಹುದು, ಯಾವುದನ್ನು ಅಂತ ನೀವೇ ಆರಿಸಬೇಕು. ನಾನು ಮೊದಲು ತೆಗೆದದ್ದು ಮ್ಯಾಜಿಕ್, ಆಮೇಲೆ ಸೇವ್. ಹಿಂದೆ ತಪ್ಪಿಹೋದ ಜಿಎಫ್‌ಗಳನ್ನು ಇಲ್ಲಿನ ಬಾಸ್‌ಗಳಿಂದ ಎಳೆದುಕೊಳ್ಳುವ ಅವಕಾಶವೂ ಇದೆ, ಅದಕ್ಕೆ ಡ್ರಾ ಬೀಗ ತೆಗೆದಿರಬೇಕು. ಇಡೀ ಗೇಮಿನಲ್ಲಿ ಆಟದ ನಿಯಮಗಳನ್ನೇ ಹಿಡಿದು ಇಷ್ಟು ಜಾಣತನದಿಂದ ಕಟ್ಟಿದ ಜಾಗ ಇನ್ನೊಂದಿಲ್ಲ. ಎರಡು ತಂಡ ಮಾಡಿಕೊಂಡು ಬಿಡಿಸುವ ಒಗಟುಗಳಿವೆ, ಒಮ್ಮೆಯೂ ತಿಳಿಸದೆ ಬಚ್ಚಿಟ್ಟ ಒಮೆಗಾ ವೆಪನ್ ಎಂಬ ಶತ್ರು ಇದೆ. ಇಷ್ಟು ಒಳ್ಳೆಯದನ್ನು ಯಾಕೆ ಕೊನೆಗೆ ಇಟ್ಟರೋ.

ಕೊನೆಯ ಕಾದಾಟಕ್ಕೆ ಮೂವರನ್ನು ಆರಿಸುವುದು ಗೇಮೇ, ಮನಬಂದಂತೆ. ಯಾರಾದರೂ ಬಿದ್ದು ಸ್ವಲ್ಪ ಹೊತ್ತು ಏಳದಿದ್ದರೆ ಕಾಲದೊಳಗೆ ಸೇರಿಹೋಗುತ್ತಾರೆ, ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಆರು ಜನಕ್ಕೂ ಜಂಕ್ಷನ್ ಕಟ್ಟುವುದು ಬಿಟ್ಟು ನಾನು ಮಾಡಿದ್ದು ಇಷ್ಟೇ: ಸ್ಕ್ವಾಲ್, ರಿನೋವಾ, ಅರ್ವೈನ್ ಮೂವರಿಗೆ ಇದ್ದದ್ದೆಲ್ಲ ಕೊಟ್ಟು, ಉಳಿದ ಮೂವರನ್ನು ಬರಿಗೈಯಲ್ಲಿ ಬಿಟ್ಟೆ. ಮೊದಲು ಬಂದದ್ದು ಜೆಲ್, ಸೆಲ್ಫಿ, ಅರ್ವೈನ್. ಜೆಲ್ ಬಿದ್ದ, ಎಬ್ಬಿಸಲಿಲ್ಲ. ಸೆಲ್ಫಿ ಬಿದ್ದಳು, ಎಬ್ಬಿಸಲಿಲ್ಲ. ಸ್ಕ್ವಾಲ್ ಬಂದ, ಆಮೇಲೆ ಬಂದ ಕ್ವಿಸ್ಟಿಸ್‌ಗೂ ಅದೇ ಗತಿ, ರಿನೋವಾ ಬಂದಳು, ಗೆದ್ದೆವು. ಕಾಲದಲ್ಲಿ ಕಳೆದುಹೋಗದಿರಲು ಗೆಳೆಯರನ್ನು ನೆನಪಿಟ್ಟುಕೊಳ್ಳಿ ಎಂದು ಕಥೆ ಗೋಗರೆಯುತ್ತಿರುತ್ತದೆ. ಅದೇ ಹೊತ್ತಿಗೆ ಗೆಳೆಯರನ್ನು ಕಾಲಕ್ಕೆ ಎಸೆದು ಬಿಡುವುದೇ ಸುಲಭದ ದಾರಿ ಎಂದು ಆಟ ಹೇಳುತ್ತಿರುತ್ತದೆ. ಕಥೆ ಮತ್ತು ಆಟ ಮಾತು ಬಿಟ್ಟವರ ಹಾಗೆ ಅಂದೆನಲ್ಲ, ಕೊನೆವರೆಗೂ ರಾಜಿ ಆಗಲೇ ಇಲ್ಲ.

2019ರಲ್ಲಿ ಬಂದ ರೀಮಾಸ್ಟರ್ ಈಗಿನ ಯಂತ್ರಗಳಲ್ಲಿ ಸಿಗುತ್ತದೆ. ಅದರಲ್ಲಿ ಮುಖಗಳು ಚೊಕ್ಕ, ಹಿನ್ನೆಲೆ ಚಿತ್ರಗಳು ಮಾತ್ರ ಮಸುಕು. ಮೂರು ಪಟ್ಟು ವೇಗದಲ್ಲಿ ಓಡಿಸುವ ಸೌಲಭ್ಯ ಇರುವುದರಿಂದ ಜಿಎಫ್ ವಿಡಿಯೋಗಳ ಕಾಟ ಕಡಿಮೆ. ಹೊಸದಾಗಿ ಆಡುವವರು ಅದನ್ನೇ ತೆಗೆದುಕೊಳ್ಳಿ. ಮೊದಲು ಕ್ವೆಜಾಕಾಟ್ಲ್‌ಗೆ ಕಾರ್ಡ್ ಕಲಿಸಿ. ಶಿವಾ, ಇಫ್ರಿಟ್, ಸೈರನ್ ಎಂಬ ಜಿಎಫ್‌ಗಳಿಗೆ ವಸ್ತುಗಳನ್ನು ಮ್ಯಾಜಿಕ್ ಆಗಿ ಕರಗಿಸುವ ವಿದ್ಯೆ ಕಲಿಸಿ. ಡಾಲೆಟ್ ಗೋಪುರದ ಮೇಲಿನ ಬಾಸ್‌ನಿಂದ ಸೈರನ್ ಎಳೆಯುವುದನ್ನು ಮರೆಯಬೇಡಿ, ಡ್ರಾ ಒತ್ತಲೇಬೇಕಾದ ಜಾಗ ಅದು. ಟಿಂಬರ್ ಎಂಬ ಊರಿಗೆ ಹೊರಡುವಾಗ ಹೆಡ್‌ಮಾಸ್ಟರ್ ಸಿಡ್ ಒಂದು ದೀಪ ಕೊಡುತ್ತಾರೆ. ಅದರೊಳಗೆ ಡಯಾಬ್ಲೋಸ್ ಇದ್ದಾನೆ. ಉಜ್ಜುವ ಮೊದಲು ಸೇವ್ ಮಾಡಿ.